ಜಗುಲಿಯಲ್ಲಿ ಕೂತು ಕೊಟ್ಟ ಉತ್ತರ

2001ರ ಜನಗಣತಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 13.54 ಲಕ್ಷ ಇತ್ತು. 2011ರಲ್ಲಿ ಅದು 14.37 ಲಕ್ಷವಾಯಿತು. ಹತ್ತು ವರ್ಷಗಳ ಬೆಳವಣಿಗೆ ಶೇಕಡಾ 6.17. ಅದೇ ಹತ್ತು ವರ್ಷಗಳಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ಬೆಳೆದದ್ದು ಶೇಕಡಾ 15.6ರಷ್ಟು. ಈ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಂದಿನಿಂದ ಅವು ನನ್ನನ್ನು ಬಿಟ್ಟಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಯಾವುದೇ ಊರಿಗೆ ಹೋದರೂ ದೊಡ್ಡ ಮನೆಯಲ್ಲಿ ಇಬ್ಬರೇ ಹಿರಿಯರು ಇರುವುದು ಕಾಣಸಿಗುತ್ತದೆ, ಮತ್ತು ಪ್ರತಿ ಮನೆಯೂ ಅದಕ್ಕೆ ತನ್ನದೇ ಆದ ಕಾರಣ ಹೇಳುತ್ತದೆ. ಮಗನಿಗೆ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಸೊಸೆಗೆ ಇಲ್ಲಿಯ ಮಳೆ ಹಿಡಿಸಲಿಲ್ಲ. ಅಣ್ಣತಮ್ಮಂದಿರು ಪಾಲಾದ ಮೇಲೆ ಉಳಿದ ತೋಟ ಒಬ್ಬರ ಸಂಸಾರಕ್ಕೂ ಸಾಲದಾಯಿತು. ಎಲ್ಲವೂ ನಿಜವೇ. ಆದರೆ ಹೀಗೆ ಹೇಳುವಾಗ ಆಯಾ ಮನೆಯವರ ದನಿಯಲ್ಲಿ ಸಣ್ಣದೊಂದು ನಾಚಿಕೆ ಇರುತ್ತದೆ, ತಾವು ಮಾಡಬೇಕಿದ್ದ ಏನನ್ನೋ ಮಾಡದೆ ಉಳಿದೆವೇನೋ ಎಂಬಂತೆ. ಹಣೆಬರಹ ಎಂದು ಮಾತು ಮುಗಿಸುತ್ತಾರೆ. ಆ ಹಣೆಬರಹ ಒಂದು ಮನೆಯದಲ್ಲ, ಒಂದು ಕೇರಿಯದೂ ಅಲ್ಲ, ಜಿಲ್ಲೆಯ ಉದ್ದಗಲಕ್ಕೆ ಹರಡಿದ್ದು ಎಂಬುದನ್ನು ಯಾರೊಬ್ಬರೂ ತಮ್ಮ ಜಗುಲಿಯಿಂದ ನೋಡಲಾರರು. ಅದು ಕಾಣುವುದು ಕೋಷ್ಟಕದಲ್ಲಿ ಮಾತ್ರ. ಚಿಕ್ಕ ಕುಟುಂಬವೂ ವಲಸೆಯೂ ಸೇರಿ ಆ 6.17 ಆಗಿದೆ, ಯಾವುದರ ಪಾಲು ಎಷ್ಟೆಂದು ಆ ಒಂದು ಸಂಖ್ಯೆ ತಾನಾಗಿ ಹೇಳುವುದಿಲ್ಲ. ಆದರೂ ಒಂದು ಮನೆಯ ಗುಟ್ಟಿನ ಬೇಸರವನ್ನು ಅದು ಹೊರಗೆ ತಂದು, ಇದು ನಿನ್ನೊಬ್ಬನದಲ್ಲ ಎಂದು ತೋರಿಸುತ್ತದೆ. ನನ್ನ ಮಟ್ಟಿಗೆ ಸಂಖ್ಯೆ ಮಾಡುವ ದೊಡ್ಡ ಉಪಕಾರಗಳಲ್ಲಿ ಇದೊಂದು.

ಆದುದರಿಂದ ಸಾಹಿತ್ಯದ ಸಭೆಗಳಲ್ಲಿ ಯಾರಾದರೂ ಎದ್ದು ನಿಂತು, ಮನುಷ್ಯನ ಬದುಕನ್ನು ಅಂಕಿಅಂಶಗಳಲ್ಲಿ ಹಿಡಿದಿಡಲಾಗದು ಎಂದಾಗ ಬೀಳುವ ಚಪ್ಪಾಳೆಗೆ ನನ್ನ ಕೈ ಸುಲಭವಾಗಿ ಸೇರುವುದಿಲ್ಲ. ಆ ಮಾತು ಸುಳ್ಳೇನಲ್ಲ. ಆದರೆ ಅದನ್ನು ಹೇಳುವವರು ಬಹುಮಟ್ಟಿಗೆ ಆಗಲೇ ಎಲ್ಲ ಪಟ್ಟಿಗಳಲ್ಲೂ ಹೆಸರು ಸೇರಿಸಿಕೊಂಡವರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳನ್ನು ನೆನೆಯಿರಿ. ಶತಮಾನಗಳ ಕಾಲ ಈ ಕಾಡಿನ ನಡುವೆ ಬದುಕಿದ ಸಮುದಾಯವೊಂದು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಹಾಲಕ್ಕಿ ಒಕ್ಕಲಿಗರು, ಜೋಯಿಡಾದ ಕುಣಬಿಗಳು ತಮ್ಮನ್ನೂ ಆ ಪಟ್ಟಿಗೆ ಸೇರಿಸಿ ಎಂದು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಅವರ ಮುಂದೆ ನಿಂತು, ಪಟ್ಟಿ ನಿಮ್ಮ ಬದುಕಿನ ಅರ್ಥವನ್ನು ಹಿಡಿದಿಡಲಾರದು ಎಂದರೆ ಅದು ತತ್ತ್ವಚಿಂತನೆಯಾಗದೆ ಒರಟುತನವಾದೀತು. ಮಕ್ಕಳ ವಿದ್ಯಾರ್ಥಿವೇತನ, ಹಾಸ್ಟೆಲಿನ ಸೀಟು, ನೌಕರಿಯ ಮೀಸಲಾತಿ ಎಲ್ಲವೂ ಒಂದು ಕಾಲಂ ಇರುವುದರ ಮೇಲೆ, ಆ ಕಾಲಮ್ಮಿನಲ್ಲಿ ತಮ್ಮ ಲೆಕ್ಕ ಬೀಳುವುದರ ಮೇಲೆ ನಿಂತಿವೆ.

ಹಾಗಿದ್ದೂ ನನ್ನನ್ನು ಕಾಡುವ ಪ್ರಶ್ನೆ ಉಳಿದೇ ಇದೆ. ಅಂಕಿಅಂಶ ಬಿಟ್ಟುಬಿಡುವುದು ಎಂದು ನಾವು ಒಟ್ಟಾಗಿ ದೂರುವುದರಲ್ಲಿ ಕಾಲಮ್ಮಿನ ದೋಷ ಎಷ್ಟು, ಉತ್ತರ ಹೇಳಿದವರ ದೋಷ ಎಷ್ಟು, ಯಾವ ಕಾಲಮ್ಮಿಗೂ ಸೇರದೆ, ಸೇರಬಾರದೆ ಉಳಿಯುವುದು ಎಷ್ಟು? ಈ ಮೂರನ್ನೂ ಒಂದೇ ಎಂದು ತಿಳಿದಾಗ ವಾದ ಮಂಜಿನಲ್ಲಿ ಕೊನೆಗೊಳ್ಳುತ್ತದೆ.

ಅರ್ಧ ಗಂಟೆಯ ಚೌಕ

ರಾಷ್ಟ್ರೀಯ ಸಾಂಖ್ಯಿಕ ಕಚೇರಿಯವರು 2019ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿದರು. ಆರು ವರ್ಷ ಮೇಲ್ಪಟ್ಟ ಪ್ರತಿಯೊಬ್ಬರೂ ಹಿಂದಿನ ದಿನದ ಬೆಳಗಿನ ನಾಲ್ಕು ಗಂಟೆಯಿಂದ ಮರುದಿನದ ನಾಲ್ಕರವರೆಗೆ ಏನೇನು ಮಾಡಿದರೆಂಬುದನ್ನು ಅರ್ಧರ್ಧ ಗಂಟೆಯ ತುಂಡುಗಳಲ್ಲಿ ಬರೆದುಕೊಳ್ಳುವ ಸಮೀಕ್ಷೆ ಅದು. ಶಿರಸಿ ತಾಲೂಕಿನ ಒಂದು ಹಳ್ಳಿಯಲ್ಲಿರುವ ನಮ್ಮ ಚಿಕ್ಕಮ್ಮನ ಮನೆಗೆ ಇಂಥದೇ ಪ್ರಶ್ನೆಗಳ ಹಾಳೆ ಹಿಡಿದು ಒಬ್ಬ ತರುಣ ಬಂದ ದಿನ ನಾನು ಅಲ್ಲಿದ್ದೆ. ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲಿ ಬೇಯಿಸಿದ ಅಡಿಕೆ ಒಣಗುತ್ತಿತ್ತು. ಹುಡುಗ ಸಭ್ಯನಾಗಿದ್ದ; ಕೊಟ್ಟ ಕಷಾಯವನ್ನು ಕುಡಿದು, ಪೆನ್ನಿನ ಮುಚ್ಚಳ ತೆಗೆದು, "ನಿನ್ನೆ ಬೆಳಿಗ್ಗೆ ನಾಲ್ಕು ಗಂಟೆಯಿಂದ ಏನೇನು ಮಾಡಿದ್ರಿ ಅಮ್ಮಾ?" ಎಂದು ಕೇಳಿದ.

"ಎಂತ ಮಾಡೂದು ತಮ್ಮಾ, ದಿನಾ ಮಾಡಿದ್ದೇಯ" ಎಂದಳು ಚಿಕ್ಕಮ್ಮ.

ಆ ಉತ್ತರಕ್ಕೆ ಹಾಳೆಯಲ್ಲಿ ಜಾಗವಿರಲಿಲ್ಲ. ಹುಡುಗ ತಾಳ್ಮೆಯಿಂದ ಒಂದೊಂದೇ ಅರ್ಧ ಗಂಟೆಯನ್ನು ಬಿಡಿಸುತ್ತ ಹೋದ. ಬಚ್ಚಲ ಒಲೆಗೆ ಬೆಂಕಿ, ಕೊಟ್ಟಿಗೆ, ಹಾಲು ಕರೆಯುವುದು, ದೋಸೆ, ಕೆಲಸದವರಿಗೆ ಚಹಾ. ಮಧ್ಯಾಹ್ನದವರೆಗಿನ ಚೌಕಗಳು ಹೇಗೋ ತುಂಬಿದವು. ತೊಡಕು ಬಂದದ್ದು ಸಂಜೆ ಏಳೂವರೆಯಿಂದ ಎಂಟರ ಚೌಕದಲ್ಲಿ. ಆ ಹೊತ್ತಿಗೆ ಅಕ್ಕಪಕ್ಕದ ಮನೆಯ ಹೆಂಗಸರೊಂದಿಗೆ ಕೂತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಿದ್ದಳು. ಅದರ ಜೊತೆಗೆ ಯಾರದೋ ಮಗಳ ಬಾಣಂತನದ ಸುದ್ದಿ ನಡೆದಿತ್ತು. ಒಳಗಿನ ಕೋಣೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಮಲಗಿದ್ದರು. ಹಾಳೆಯಲ್ಲಿ ಒಂದೇ ಚೌಕದೊಳಗೆ ಒಂದಕ್ಕಿಂತ ಹೆಚ್ಚು ಕೆಲಸಗಳನ್ನು ಬರೆಯಲು ಅವಕಾಶವಿತ್ತು, ಆದರೆ ಅವುಗಳಲ್ಲಿ ಮುಖ್ಯವಾದುದು ಯಾವುದೆಂದು ಗುರುತಿಸಬೇಕಿತ್ತು. ಹುಡುಗ ಅದನ್ನೇ ಕೇಳಿದ. ಚಿಕ್ಕಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಸುಲೀತಿದ್ದಿದ್ದು ಕೈ. ಕಿವಿ ಒಳಗೆ ಅತ್ತೆ ಹತ್ರ ಇತ್ತು" ಎಂದಳು. ಅವನು ಅಡಿಕೆ ಸುಲಿಯುವುದನ್ನು ಮುಖ್ಯ ಕೆಲಸವೆಂದು ಬರೆದುಕೊಂಡ. ಅವನು ಬೇರೆ ಏನು ಬರೆಯಬಹುದಿತ್ತು ಎಂದು ಈಗಲೂ ನನಗೆ ತಿಳಿಯದು.

ಈ ಸಮೀಕ್ಷೆಯ ಫಲ ಅಲ್ಪವೆಂದು ತಿಳಿಯಬಾರದು. ವೇತನವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 97 ನಿಮಿಷ ಎಂದು 2019ರ ವರದಿ ತೋರಿಸಿತು. 2024ರಲ್ಲಿ ಅವು 289 ಮತ್ತು 88 ಆದವು. ಎರಡು ಸಮೀಕ್ಷೆಗಳ ನಡುವೆ ಹೆಂಗಸರ ಹೊರೆ ಹತ್ತು ನಿಮಿಷ ಇಳಿದಿದೆ, ಗಂಡಸರದೂ ಹೆಚ್ಚುಕಡಿಮೆ ಅಷ್ಟೇ ಇಳಿದಿದೆ. ಅಂದರೆ ನಡುವಿನ ಅಂತರ ಕದಲಿಲ್ಲ. ಮನೆಯಲ್ಲಿ ಎಲ್ಲರೂ ದುಡಿಯುತ್ತಾರೆ ಎಂದು ಹಬ್ಬದೂಟದ ಪಂಕ್ತಿಯಲ್ಲಿ ಕೂತು ಹೇಳುವುದು ಸುಲಭವಿತ್ತು. ಈ ನಿಮಿಷಗಳು ಬಂದ ಮೇಲೆ ಅಷ್ಟು ಸುಲಭವಲ್ಲ. ಆದರೆ ಕಿವಿ ಒಳಗಿತ್ತು ಎಂಬ ಮಾತಿನಲ್ಲಿ ಇದ್ದುದು ನಿಮಿಷಗಳ ಲೆಕ್ಕಕ್ಕೆ ಪೂರ್ತಿ ಸಿಕ್ಕುವಂಥದಲ್ಲ. ಅವಳ ಸಂಜೆ ಮೂರು ಕೆಲಸಗಳ ಮೊತ್ತವಾಗಿರಲಿಲ್ಲ. ಸುಲಿಯುವಾಗ ಮಾತು ಇದ್ದುದರಿಂದ ಕೈ ಸೋಲಲಿಲ್ಲ. ಕೈಗೆ ಕೆಲಸವಿದ್ದುದರಿಂದ ಒಳಗಿನ ಕೆಮ್ಮಿಗೆ ಕಾಯುವ ಆತಂಕ ತಡೆದುಕೊಳ್ಳುವಂತಿತ್ತು. ಅತ್ತೆ ಒಳಗೆ ಮಲಗಿ ಈ ಮಾತುಗಳನ್ನೆಲ್ಲ ಕೇಳುತ್ತಿದ್ದುದರಿಂದ ಅವರಿಗೆ ತಾವಿನ್ನೂ ಮನೆಯೊಳಗಿನವರೇ ಎನಿಸುತ್ತಿತ್ತು. ಕೋಷ್ಟಕ ಕೆಲಸ ಮಾಡಬೇಕಾದರೆ ಸಂಗತಿಗಳು ಬಿಡಿಬಿಡಿಯಾಗಿ ನಿಲ್ಲಬೇಕು, ಒಂದನ್ನು ಎತ್ತಿ ಇನ್ನೊಂದರ ಪಕ್ಕ ಇಡಲು ಬರಬೇಕು. ಒಬ್ಬಳ ದಿನಕ್ಕೆ ಇರುವ ಅರ್ಥವಾದರೋ ಬಹುಪಾಲು ಆ ಸಂಗತಿಗಳು ಒಂದಕ್ಕೊಂದು ಹೆಣೆದುಕೊಂಡ ರೀತಿಯಲ್ಲಿರುತ್ತದೆ. ಬಿಡಿಸದೆ ಎಣಿಸಲಾಗದು, ಬಿಡಿಸಿದ ಮೇಲೆ ಆ ಹೆಣಿಗೆ ಇರುವುದಿಲ್ಲ. ಇದನ್ನು ನಾನು ಆ ಹುಡುಗನ ಮೇಲೂ, ಅವನನ್ನು ಕಳಿಸಿದವರ ಮೇಲೂ ದೂರಾಗಿ ಹೇಳುತ್ತಿಲ್ಲ.

ಅಂಚಿನ ಗಿಡ

ಕುಮಟಾದ ಬಳಿ ಅಘನಾಶಿನಿ ಸಮುದ್ರ ಸೇರುವಲ್ಲಿ ಗಜನಿ ಭೂಮಿಗಳಿವೆ. ಮಳೆಗಾಲದಲ್ಲಿ ಸಿಹಿನೀರು ನೆಲದ ಉಪ್ಪನ್ನು ತೊಳೆದಾಗ ಅಲ್ಲಿ ಭತ್ತ. ಕೊಯ್ಲಾದ ಮೇಲೆ ಭರತದ ನೀರು ಒಳಗೆ ಬಂದಾಗ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಅಲ್ಲಿ ಪರಂಪರೆಯಿಂದ ಬೆಳೆಯುವ ಕಗ್ಗ ಭತ್ತ ಉಪ್ಪನ್ನೂ ನೆರೆಯನ್ನೂ ತಾಳುತ್ತದೆ, ಗೊಬ್ಬರ ಕೇಳುವುದಿಲ್ಲ, ಹಾಗೆಯೇ ಹೆಚ್ಚು ಕೊಡುವುದೂ ಇಲ್ಲ. ಹೆಕ್ಟೇರಿಗೆ ಇಷ್ಟು ಕ್ವಿಂಟಲ್ ಎಂಬ ಕಾಲಮ್ಮಿನಲ್ಲಿ ಕಗ್ಗ ಒಬ್ಬ ದಡ್ಡ ವಿದ್ಯಾರ್ಥಿಯ ಹಾಗೆ ಕೊನೆಯ ಬೆಂಚಿನಲ್ಲಿ ಕೂರುತ್ತದೆ. ಗದ್ದೆಯ ಭತ್ತ ಕೃಷಿ ಇಲಾಖೆಯ ಲೆಕ್ಕಕ್ಕೆ, ಅದರ ಮೀನು ಮೀನುಗಾರಿಕೆ ಇಲಾಖೆಯ ಲೆಕ್ಕಕ್ಕೆ. ಒಂದು ಇನ್ನೊಂದನ್ನು ಸಾಕುತ್ತದೆ, ಭತ್ತದ ಕೂಳೆ ಕೊಳೆತು ಸಿಗಡಿಗೆ ಆಹಾರವಾಗುತ್ತದೆ ಎಂಬುದಕ್ಕೆ ಯಾವ ಇಲಾಖೆಯೂ ಇಲ್ಲ. ಚಿಕ್ಕಮ್ಮನ ಸಂಜೆಗೆ ಆದುದೇ ಈ ಗದ್ದೆಗೂ ಆಗುತ್ತದೆ. ಆದರೆ ಇದು ಸರಿಪಡಿಸಲು ಬರುವ ಕೊರತೆ. ವರ್ಷವಿಡೀ ಒಂದು ಗದ್ದೆ ಕೊಡುವ ಭತ್ತವನ್ನೂ ಮೀನನ್ನೂ, ಅದಕ್ಕೆ ಹಾಕದೆ ಉಳಿದ ಗೊಬ್ಬರದ ಖರ್ಚನ್ನೂ ಕೂಡಿಸಿ ಬರೆಯಲು ಯಾರೂ ಅಡ್ಡಿಪಡಿಸಿಲ್ಲ.

ಸಂಖ್ಯಾಶಾಸ್ತ್ರದವರಿಗೆ ತಮ್ಮ ಕುರುಡುತನದ ಅರಿವಿಲ್ಲ ಎಂದು ಹೊರಗಿನವರು ತಿಳಿಯುವುದುಂಟು. ನಿಜವಾಗಿ ಆ ಶಾಸ್ತ್ರದ ಮುಕ್ಕಾಲು ಪಾಲು ತನ್ನದೇ ತಪ್ಪುಗಳ ಅಧ್ಯಯನ. ಬೆಳೆ ಕಟಾವು ಪ್ರಯೋಗದ ಕಥೆಯನ್ನೇ ನೋಡಿ. ಊರಿನ ಭತ್ತದ ಇಳುವರಿ ತಿಳಿಯಲು ಲಾಟರಿಯ ರೀತಿ ಸರ್ವೆ ನಂಬರನ್ನೂ, ಆ ಗದ್ದೆಯೊಳಗೆ ಒಂದು ಬಿಂದುವನ್ನೂ ಆರಿಸಿ, ಐದು ಮೀಟರಿಗೆ ಐದು ಮೀಟರಿನ ಚೌಕದಲ್ಲಿ ಗೂಟ ನೆಟ್ಟು, ಹಗ್ಗ ಕಟ್ಟಿ, ಒಳಗಿನ ಬೆಳೆಯನ್ನು ಮಾತ್ರ ಕೊಯ್ದು, ಬಡಿದು, ತೂಗುತ್ತಾರೆ. ಚೌಕ ಎಷ್ಟು ದೊಡ್ಡದಿರಬೇಕು ಎಂಬುದರ ಮೇಲೆ 1940ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಪಿ. ಸಿ. ಮಹಾಲನೋಬಿಸ್ ಮತ್ತು ಪಿ. ವಿ. ಸುಖಾತ್ಮೆ ಅವರ ನಡುವೆ ದೊಡ್ಡ ವಾದವೇ ನಡೆಯಿತು. ಮಹಾಲನೋಬಿಸರು ಸಣ್ಣ ತುಂಡುಗಳು ಸಾಕೆಂದರು. ಸಣ್ಣ ತುಂಡು ಇಳುವರಿಯನ್ನು ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ ಎಂದು ಸುಖಾತ್ಮೆ ಹೇಳಿದರು. ಕಾರಣ ಬಹಳ ಮನುಷ್ಯಸಹಜವಾದುದು: ಹಗ್ಗದ ಅಂಚಿನಲ್ಲಿ ನಿಂತ ಗಿಡ ಒಳಗಿನದೋ ಹೊರಗಿನದೋ ಎಂಬ ಅನುಮಾನ ಬಂದಾಗ ಕೊಯ್ಯುವವನ ಕೈ ಅದನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಮತ್ತು ಚೌಕ ಸಣ್ಣದಾದಷ್ಟೂ ಒಳಗಿಗಿಂತ ಅಂಚು ಹೆಚ್ಚು. (ಕಾರವಾರದವರಿಗೆ ಇಷ್ಟವಾಗಬಹುದಾದ ಒಂದು ಪಕ್ಕದ ಮಾತು: 1880ರ ದಶಕದ ಆರಂಭದಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು, ನಮ್ಮ ಕಡಲತೀರವನ್ನು ನೋಡಿ ಮನಸೋತ ಯುವಕ ರವೀಂದ್ರನಾಥ ಟಾಗೋರರು ಮುಂದೆ ಈ ಮಹಾಲನೋಬಿಸರಿಗೆ ತೀರ ಆಪ್ತರಾದರು. 1931ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಕಟ್ಟಿದ, 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಗೆ ಅಡಿಪಾಯ ಹಾಕಿದ ಮನುಷ್ಯ ಕವಿಯ ವಿಶ್ವಭಾರತಿಯ ಆಡಳಿತವನ್ನೂ ಹಲವು ವರ್ಷ ನೋಡಿಕೊಂಡರು. ಎಣಿಕೆಗೂ ಕಾವ್ಯಕ್ಕೂ ಹಗೆ ಎಂದು ನಂಬುವವರು ಇವರಿಬ್ಬರ ಗೆಳೆತನವನ್ನು ಸ್ವಲ್ಪ ಗಮನಿಸಬೇಕು.)

ಬೈತಖೋಲದಲ್ಲಿ

ಕಾರವಾರದ ಬೈತಖೋಲ ಬಂದರಿನಲ್ಲಿ ಮೀನಿನ ಲೆಕ್ಕ ಬರೆದುಕೊಳ್ಳುವುದನ್ನು ಕಂಡವರು ಕಡಿಮೆ; ಕಂಡರೂ ಗಮನಿಸುವುದಿಲ್ಲ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಪದ್ಧತಿಯ ಪ್ರಕಾರ ಆರಿಸಿದ ದಿನ ಮಧ್ಯಾಹ್ನ ಹನ್ನೆರಡರಿಂದ ಸಂಜೆ ಆರರವರೆಗೆ, ಮರುದಿನ ಬೆಳಿಗ್ಗೆ ಆರರಿಂದ ಹನ್ನೆರಡರವರೆಗೆ ಬಂದರಿನಲ್ಲಿ ನಿಂತು ದೋಣಿಗಳನ್ನೂ ಮೀನನ್ನೂ ಬರೆದುಕೊಳ್ಳುತ್ತಾರೆ. ನಡುವಿನ ರಾತ್ರಿಯ ಹನ್ನೆರಡು ಗಂಟೆಗಳ ಲೆಕ್ಕ ಸಿಗುವುದು ಬೆಳಿಗ್ಗೆ ಕೇಳಿ ತಿಳಿಯುವುದರಿಂದ. ದೇಶದ ಸಮುದ್ರ ಮೀನಿನ ಉತ್ಪಾದನೆ ಇಷ್ಟು ಲಕ್ಷ ಟನ್ ಎಂದು ಪತ್ರಿಕೆಯಲ್ಲಿ ಓದುವಾಗ, ಅದರೊಳಗೆ ಒಂದು ಪಾಲು ಹೀಗೆ ಯಾರೋ ಯಾರಿಗೋ ಬೆಳಗಿನ ಹೊತ್ತು ಬಾಯಿಮಾತಿನಲ್ಲಿ ಹೇಳಿದ್ದು ಎಂಬುದು ನನಗೆ ಮೊದಲು ವಿಚಿತ್ರವೆನಿಸಿತು, ಆಮೇಲೆ ಒಂದು ರೀತಿಯ ಗೌರವ ಹುಟ್ಟಿತು. ನೋಡಿದ್ದು ಎಷ್ಟು, ಕೇಳಿದ್ದು ಎಷ್ಟು ಎಂದು ಬೇರೆಬೇರೆಯಾಗಿ ಇಟ್ಟುಕೊಳ್ಳುವ ಪ್ರಾಮಾಣಿಕತೆ ನಮ್ಮ ನಿತ್ಯದ ಮಾತುಕತೆಯಲ್ಲಿ ಎಲ್ಲಿದೆ?

ಅಂಥ ಒಂದು ಬೆಳಿಗ್ಗೆ ನಾನು ಅಲ್ಲಿ ನಿಂತಿದ್ದಾಗ ಕೇಳಿದ ಸಂಗತಿ ಇದು. ರಾತ್ರಿ ಬಂದ ದೋಣಿಗಳ ವಿಚಾರ ನಡೆದಿತ್ತು. ಒಂದು ದೋಣಿಯ ಇಂಜಿನ್ ಸಮುದ್ರದ ನಡುವೆ ನಿಂತುಹೋಗಿ, ಇನ್ನೊಂದು ದೋಣಿಯವರು ತಮ್ಮ ಬಲೆಯನ್ನು ಹೊತ್ತಿಗೆ ಮುಂಚೆ ಮೇಲೆತ್ತಿ, ಕೆಟ್ಟ ದೋಣಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದಿದ್ದರು. ಎಳೆದು ತಂದವರಿಗೆ ಸಿಕ್ಕಿದ್ದು ಕೆಲವೇ ಬುಟ್ಟಿ ಬಂಗಡೆ. ಡೀಸೆಲಿನ ಖರ್ಚೂ ಹುಟ್ಟಲಿಲ್ಲ ಎಂದು ದೋಣಿ ನಡೆಸುವ ತಾಂಡೇಲ ಕೊಂಕಣಿಯಲ್ಲಿ ಹೇಳಿ ನಕ್ಕ. ಲೆಕ್ಕ ಬರೆಯುವವರು ಬಂಗಡೆಯ ತೂಕವನ್ನು ಅಂದಾಜಿಸಿ ಬರೆದುಕೊಂಡರು, ದೋಣಿ ಕಡಲಿನಲ್ಲಿದ್ದ ಗಂಟೆಗಳನ್ನೂ ಬರೆದುಕೊಂಡರು. ಅದರಿಂದ ತಿಳಿಯುವುದು ಇಷ್ಟೇ: ಹೆಚ್ಚು ಶ್ರಮ, ಕಡಿಮೆ ಮೀನು.

ಇಲ್ಲಿ ಸುಲಭವಾಗಿ ಬರುವ ತೀರ್ಮಾನವೆಂದರೆ, ನೋಡಿ, ಸಂಖ್ಯೆಗೆ ಉಪಕಾರಬುದ್ಧಿ ಕಾಣಲಿಲ್ಲ ಎನ್ನುವುದು. ನನಗೆ ಹಾಗನಿಸುವುದಿಲ್ಲ. ಆ ಹಾಳೆ ಕಡಲಿನಲ್ಲಿ ಬಂಗಡೆ ಎಷ್ಟಿದೆ, ಬರುವ ವರ್ಷ ಎಷ್ಟು ಹಿಡಿಯಬಹುದು ಎಂಬುದನ್ನು ತಿಳಿಯಲು ಇರುವಂಥದು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಮೀನುಗಾರಿಕೆ ನಿಷೇಧದ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲಿ ನಿಲ್ಲುವುದು ಸರಿಯೇ, ಸಾಕೇ ಎಂಬ ಚರ್ಚೆಗೆ ಆಧಾರ ಬೇಕಾದಾಗ ಇಂಥ ಹಾಳೆಗಳನ್ನೇ ತೆರೆಯಬೇಕು. ಎಳೆದು ತಂದ ಋಣದ ಲೆಕ್ಕ ಆ ಎರಡು ದೋಣಿಗಳವರ ಬಳಿ ಇದೆ, ಮತ್ತು ಅದು ಅವರ ಬಳಿಯೇ ಇರುವುದು ಮೇಲು. ಒಂದು ಕ್ಷಣ ಯೋಚಿಸಿ: ಎಷ್ಟು ದೋಣಿಗಳನ್ನು ಎಳೆದು ತಂದಿರಿ ಎಂಬ ಕಾಲಂ ನಾಳೆ ಬಂದರೆ, ನಾಡಿದ್ದು ಅದಕ್ಕೊಂದು ಗುರಿ ಬರುತ್ತದೆ, ಆಚೆ ನಾಡಿದ್ದು ಪ್ರಶಸ್ತಿ, ಅದರ ಬೆನ್ನಿಗೆ ಸುಳ್ಳು ಬಿಲ್ಲು. ಎಸ್ಸೆಸ್ಸೆಲ್ಸಿ ಫಲಿತಾಂಶದ ಶೇಕಡಾವಾರು ಶಾಲೆಯ ಮಾನದ ಪ್ರಶ್ನೆಯಾದ ಮೇಲೆ ಹಿಂದುಳಿದ ಹುಡುಗನನ್ನು ಮೇಷ್ಟರು ನೋಡುವ ನೋಟ ಹೇಗೆ ಬದಲಾಗುತ್ತದೆಂದು ನಾವೆಲ್ಲ ಬಲ್ಲೆವು. ಕೆಲವು ಸಂಗತಿಗಳು ಲೆಕ್ಕದಿಂದ ಹೊರಗಿರುವುದೇ ಅವು ಉಳಿದುಬಂದಿರುವುದಕ್ಕೆ ಕಾರಣ.

ಯಾರ ಕಡೆಯಿಂದ ನೋಡಿದ ಸಂಖ್ಯೆ

ನಮ್ಮ ಕಡೆ ಮದುವೆಮನೆಗಳಲ್ಲಿ ತಪ್ಪದೆ ಬರುವ ಮಾತು ಒಂದಿದೆ: ಅಡಿಕೆ ತೋಟದ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ. ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 2001ರಲ್ಲಿ 971 ಹೆಂಗಸರಿದ್ದರು, 2011ರಲ್ಲಿ 979. ರಾಜ್ಯದ 973ಕ್ಕಿಂತ ಇದು ಮೇಲೆಯೇ ಇದೆ. ಹೆಣ್ಣುಗಳ ಅನುಪಾತ ಏರಿದ್ದರೂ ಹೆಣ್ಣು ಸಿಗುವುದಿಲ್ಲ ಎಂದರೆ ಸಂಖ್ಯೆ ಸುಳ್ಳು ಹೇಳುತ್ತಿದೆಯೇ? ಇಲ್ಲ; ಅದು ಜಿಲ್ಲೆಯ ಎಲ್ಲ ವಯಸ್ಸಿನ, ಎಲ್ಲ ಸಮುದಾಯಗಳ, ಕಡಲಿನ ಮತ್ತು ಘಟ್ಟದ ಮೇಲಿನ ಎಲ್ಲರನ್ನೂ ಕೂಡಿಸಿ ಹೇಳುತ್ತಿದೆ, ದುಡಿಯಲು ಹೊರಗೆ ಹೋದ ಗಂಡಸರಿಂದಲೂ ಈ ಅನುಪಾತ ಏರುತ್ತದೆ. ಆದರೆ ನನ್ನ ಆಕ್ಷೇಪ ಸರಾಸರಿಯ ಮೇಲಲ್ಲ. ಮದುವೆಯಾಗದೆ ಉಳಿದ ಮೂವತ್ತೈದು ದಾಟಿದ ಗಂಡಸರ ಸಂಖ್ಯೆಯನ್ನು ಊರೂರಿನಿಂದ ಕಲೆಹಾಕಿ ಸಮಸ್ಯೆ ಎಂದು ಕರೆದಾಗ ಆ ಸಂಖ್ಯೆ ಒಂದು ಕಡೆಯ ಜಗುಲಿಯ ಮೇಲೆ ಕೂತಿರುತ್ತದೆ. ಅದೇ ಊರಿನಿಂದ ಓದಲು ಹೋಗಿ, ಕೆಲಸ ಹಿಡಿದು, ಬೆಳಗಿನ ಐದಕ್ಕೆ ಎದ್ದು ಬಚ್ಚಲ ಒಲೆ ಹಚ್ಚುವ ಬದುಕು ತನಗೆ ಬೇಡವೆಂದು ತೀರ್ಮಾನಿಸಿದ ಹುಡುಗಿಗೆ ಅದೇ ಸಂಖ್ಯೆ ಬೇರೆ ಕಥೆ ಹೇಳುತ್ತದೆ. ಹುಡುಗರ ಒಂಟಿತನ ನಿಜವಾದುದು, ಅದನ್ನು ಹಗುರ ಮಾಡಲು ನಾನು ಹೇಳುತ್ತಿಲ್ಲ. 299 ನಿಮಿಷಗಳ ಕೋಷ್ಟಕವನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ಓದಿದವರು ಮದುವೆಮನೆಯಲ್ಲಿ ಸ್ವಲ್ಪ ಬೇರೆ ರೀತಿ ಮಾತಾಡಿಯಾರು ಎಂಬುದಷ್ಟೇ ನನ್ನ ಅಭಿಪ್ರಾಯ.

ಉತ್ತರ ಹೇಳುವವರು

ಜನಗಣತಿಯ ವ್ಯಾಖ್ಯೆಗಳನ್ನು ಓದಿದಾಗ ಶಿರಸಿಯವರಿಗೆ ನಗು ಬರುವ ಒಂದು ಸಾಲು ಸಿಗುತ್ತದೆ. ಚಹಾ, ಕಾಫಿ, ರಬ್ಬರು, ತೆಂಗುಗಳಂತೆ ಅಡಿಕೆಯೂ ತೋಟದ ಬೆಳೆಯಾದುದರಿಂದ ಅದನ್ನು ಬೆಳೆಯುವವರು ಕೃಷಿಕರ ಕಾಲಮ್ಮಿಗೆ ಸೇರದೆ 'ಇತರ ಕೆಲಸಗಾರರು' ಎಂಬಲ್ಲಿಗೆ ಹೋಗುತ್ತಾರೆ. ತಲೆಮಾರುಗಳಿಂದ ತೋಟ ಮಾಡಿದವರು ಸರಕಾರದ ಹಾಳೆಯಲ್ಲಿ ಕೃಷಿಕರಲ್ಲ! ಇದು ಕಾಲಮ್ಮಿನ ದೋಷ, ಅಥವಾ ದೋಷವಲ್ಲದಿದ್ದರೂ ಕಾಲಮ್ಮಿನ ಗುಣ. ತಿಳಿದು ಓದಿದರೆ ತೊಂದರೆಯಿಲ್ಲ.

ಹೆಂಗಸರ ವಿಚಾರ ಹಾಗಲ್ಲ. ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ಕಾಲ ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆ ದುಡಿದವರು ಅಂಚಿನ ಕೆಲಸಗಾರರು, ಮನೆಗೆಲಸ ಮಾತ್ರ ಮಾಡುವವರು ಕೆಲಸ ಮಾಡದವರು ಎಂಬುದು ಗಣತಿಯ ವಿಂಗಡಣೆ. ಆದರೆ ಸ್ವಂತ ಜಮೀನಿನಲ್ಲಿ ಕೂಲಿಯಿಲ್ಲದೆ ಮಾಡುವ ದುಡಿಮೆಯನ್ನು ಕೆಲಸವೆಂದೇ ಹಿಡಿಯಬೇಕು ಎಂದು 1991ರಿಂದಲೇ ಸ್ಪಷ್ಟವಾಗಿ ಬರೆಯಲಾಗಿದೆ. ಆ ಪ್ರಕಾರ ಅಡಿಕೆ ಸುಲಿದು, ಬೇಯಿಸಿ, ಅಂಗಳದಲ್ಲಿ ಹರವಿ, ಮೋಡ ಕಂಡಾಗ ಓಡಿ ಬಾಚುವ ಚಿಕ್ಕಮ್ಮ ಕೆಲಸಗಾರ್ತಿಯೇ. ಕಾಲಂ ಅವಳಿಗಾಗಿ ತೆರೆದೇ ಇತ್ತು. ಹಿಂದಿನ ಗಣತಿಯ ಸಂದರ್ಭದಲ್ಲಿ ಮೇಷ್ಟರೊಬ್ಬರು ಹಾಳೆ ಹಿಡಿದು ಬಂದಾಗ ಜಗುಲಿಯಲ್ಲಿ ಕೂತು ಉತ್ತರ ಕೊಟ್ಟವರು ಚಿಕ್ಕಪ್ಪ. "ಅವಳಿಗೆಂತ ಕೆಲಸ, ಮನೇಲೇ ಇರ್ತಾಳೆ" ಎಂದರು. ಅದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಒಳ್ಳೆಯ ಮನುಷ್ಯ, ಹೆಂಡತಿಯನ್ನು ಕೇಳದೆ ಎಲೆಅಡಿಕೆಯನ್ನೂ ಹಾಕುವವರಲ್ಲ. ಮೇಷ್ಟರು ತಲೆಯಾಡಿಸಿ ಬರೆದುಕೊಂಡರು. ಒಳಗಿನಿಂದ ಮೆಟ್ಟುಗತ್ತಿಯ ಸದ್ದು ಇಬ್ಬರಿಗೂ ಕೇಳುತ್ತಿತ್ತು. ಹೆಂಗಸರ ದುಡಿಮೆಯ ಪ್ರಮಾಣ ನಮ್ಮಲ್ಲಿ ಕಡಿಮೆ ಎಂದು ಆಮೇಲೆ ಪುಸ್ತಕಗಳಲ್ಲಿ ಅಚ್ಚಾಗುವ ಅಂಕಿಯ ಹಿಂದೆ ಇಂಥ ಎಷ್ಟು ಜಗುಲಿಗಳಿರಬಹುದು. ಮತ್ತು ಅಂಕಿಅಂಶ ಹೆಣ್ಣಿನ ಬದುಕನ್ನು ಕಾಣಲಾರದು ಎಂದು ಭಾಷಣ ಮಾಡುವ ನಾವೇ ಎಷ್ಟು ಸಲ ಆ ಜಗುಲಿಯ ಮೇಲೆ ಕೂತಿರಬಹುದು.

2021ರಲ್ಲಿ ನಡೆಯಬೇಕಿದ್ದು ಮುಂದಕ್ಕೆ ಹೋದ ಜನಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಗೊತ್ತುಮಾಡಿದ್ದಾರೆ. ಈ ಬಾರಿ ಮನೆಯವರೇ ಮೊಬೈಲಿನಲ್ಲಿ ತಮ್ಮ ವಿವರ ತುಂಬುವ ಅವಕಾಶವೂ ಇದೆ. ಚಿಕ್ಕಮ್ಮನಿಗೆ ಇದನ್ನು ಹೇಳಿದಾಗ ಅವಳು ಮೊದಲು ಕೇಳಿದ್ದು, ಅದರಲ್ಲಿ ಅತ್ತೆಯನ್ನು ನೋಡಿಕೊಂಡಿದ್ದಕ್ಕೆ ಎಂತಾದರೂ ಬರೆಯಲು ಬರ್ತದ ಎಂದು. ಬರುವುದಿಲ್ಲ ಎಂದೆ. ಅಡಿಕೆಗೆ? ಬರ್ತದೆ ಎಂದೆ. ಹಾಗಾದರೆ ಅದನ್ನು ತಾನೇ ತುಂಬುತ್ತೇನೆ, ಮೊಬೈಲು ಚಿಕ್ಕಪ್ಪನ ಕೈಗೆ ಕೊಡುವುದು ಬೇಡ ಎಂದಳು. ಒಟಿಪಿ ಬರುವುದು ಚಿಕ್ಕಪ್ಪನ ನಂಬರಿಗೆ. ಅವಳ ಹೆಸರಿನಲ್ಲಿ ಒಂದು ಸಿಮ್ ಮಾಡಿಸುವ ಮಾತು ಈಗ ಮನೆಯಲ್ಲಿ ನಡೆದಿದೆ.